ಒಂದೇ ಸಲ ಅಂದ ಮಾತು

ಬ್ರೆಜಿಲಿನ ನಮ್ಮ ರಿಯೊದಲ್ಲಿ ಯಾರಾದರೂ "ಒಂದಿನ ಒಟ್ಟಿಗೆ ಎಲ್ಲಾದ್ರೂ ಹೋಗೋಣ" ಎಂದರೆ ಅದು ಬೀಳ್ಕೊಡುವಾಗಿನ ಬಾಯಿಮಾತು, ಅಷ್ಟೆ. ಕೇಳಿದವರು "ಹೋಗೋಣ, ಹೋಗೋಣ" ಎಂದು ಎರಡು ಸಲ ಅನ್ನಬೇಕು. ಎರಡು ಸಲ ಅಂದರೆ ಯಾರೂ ಎಲ್ಲಿಗೂ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಯಾವ ದಿನ ಎಂದು ಕೇಳುವವರು ಮರ್ಯಾದೆ ಕಲಿಯದವರು. ಮೂಗಿಗೆ ತುಪ್ಪ ಸವರುವುದೇ ನಮ್ಮೂರಿನ ಸಂಸ್ಕಾರ.

ಬೋಟುಕಟ್ಟೆಯ ಎದುರು ನನ್ನ ಕಾಫಿ ಗಾಡಿ. ಗೇಟಿನಲ್ಲಿ ಟಿಕೆಟು ನೋಡುವವನು ಓಸ್ಮಾರ್. ಹೆಂಡತಿ ಬಿಟ್ಟುಹೋದ ಮೇಲೆ ಅವನ ಬೆಳಗಿನ ತಿಂಡಿ ನನ್ನಲ್ಲೇ. ಜೋಳದ ಕೇಕಿನಲ್ಲಿ ಅಂಚಿನ ತುಂಡೇ ಆಗಬೇಕು, ಮಹಾರಾಯನಿಗೆ. ತಿಂದು ಕೈ ಒರೆಸಿಕೊಂಡು ದಿನವೂ ಅದೇ ಮಾತು: ಒಂದಿನ ಪಕೆತಾ ದ್ವೀಪಕ್ಕೆ ಹೋಗೋಣ. ಊರವರನ್ನೆಲ್ಲ ಆ ದ್ವೀಪದ ಬೋಟು ಹತ್ತಿಸಿದವನು ತಾನು ಮಾತ್ರ ಹತ್ತಿದವನಲ್ಲ. ನಾನೂ ಎರಡು ಸಲ ಅನ್ನುತ್ತಿದ್ದೆ. ಆಮೇಲೆ ಅವನ ಬೆನ್ನು ಗುಂಪಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಲ್ಲುತ್ತಿದ್ದೆ. ಇವನೊಮ್ಮೆ ದಿನ ಹೇಳಬಾರದೇ ಎಂದು ಜೀವ ಕಾಯುತ್ತಿತ್ತು. ನಾನಾಗಿ ಕೇಳಲು ಬಿಗುಮಾನ.

ಮೊನ್ನೆ ಮಾರ್ಚಿನಲ್ಲಿ ಅವನು ನಿವೃತ್ತನಾದ. ಮರುದಿನ ಬೆಳಿಗ್ಗೆ ಸಮವಸ್ತ್ರವಿಲ್ಲದೆ ಬಂದು, ದೂರದ ರೆಸೀಫಿಯಲ್ಲಿರುವ ಮಗಳ ಮನೆಗೆ ಹೋಗಿಬಿಡುವುದಾಗಿಯೂ ಬಸ್ಸು ರಾತ್ರಿಗೇ ಎಂದೂ ತಿಳಿಸಿದ. ನಾನು ಅಂಚಿನ ತುಂಡು ಕೊಟ್ಟೆ. ತಿಂದ, ಕೈ ಒರೆಸಿಕೊಂಡ.

"ಫೋನ್ ಮಾಡ್ತೀನಿ ಕಣೆ, ಜುಲೇಯ್ದಿ."

ನನಗೆ ಪಿತ್ತ ನೆತ್ತಿಗೇರಿತು. ನಂಬರು ಕೇಳದೆ ಫೋನ್ ಮಾಡುತ್ತೇನೆ ಎನ್ನುವುದೂ ನಮ್ಮೂರಿನ ಇನ್ನೊಂದು ಸಂಸ್ಕಾರ.

"ನನ್ನ ನಂಬರ್ ಎಲ್ಲಿದೆಯೋ ನಿನ್ನ ಹತ್ರ?"

ಅವನು ನಂಬರು ಬರೆದಿದ್ದ ಗಾಡಿಯ ಬೋರ್ಡಿನ ಕಡೆ ನೋಡದೆಯೇ ನನ್ನ ನಂಬರು ಪೂರ್ತಿ ಹೇಳಿದ.

"ಬಾಯಿಪಾಠ ಆಗಿದ್ರೆ ಒಂದಿನಾದ್ರೂ ಯಾಕೆ ಮಾಡ್ಲಿಲ್ಲ?"

"ನೀನು ಯಾವಾಗ್ಲೂ ಎರಡು ಸಲ ಅಂತಿದ್ದೆ," ಎಂದ ಓಸ್ಮಾರ್, ನೆಲ ನೋಡುತ್ತ. "ಬರಲ್ಲ ಅಂತ ತಿಳ್ಕೊಂಡೆ."

ಅವನ ಬಾಯಿಮಾತು ಬಾಯಿಮಾತಾಗಿರಲಿಲ್ಲ. ನನ್ನದೂ ಆಗಿರಲಿಲ್ಲ. ಮರ್ಯಾದೆಯನ್ನು ಮಾತ್ರ ಇಬ್ಬರೂ ಚಾಚೂ ತಪ್ಪದೆ ಪಾಲಿಸಿದ್ದೆವು. ಆಚೆ ಪಕೆತಾದ ಬೋಟು ಜನರನ್ನು ಹತ್ತಿಸಿಕೊಳ್ಳುತ್ತಿತ್ತು.

"ಹೋಗೋಣ," ಎಂದೆ. ಅಷ್ಟೇ ಅಂದು ಬಾಯಿ ಮುಚ್ಚಿಕೊಂಡೆ.

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಇನ್ನೊಂದು ಸಲ ಅನ್ನುತ್ತೇನೇನೋ ಎಂದು ಕಾದ. ನಾನು ಒಲೆ ಆರಿಸಿ ಗಾಡಿಗೆ ಬೀಗ ಹಾಕಿದೆ.

ದ್ವೀಪದಲ್ಲಿ ಅಂಥದ್ದೇನೂ ನಡೆಯಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಬೀಳುತ್ತ ಏಳುತ್ತ ಸುತ್ತಿದೆವು, ಹುರಿದ ಮೀನು ತಿಂದೆವು. ಅವನು ಮುಳ್ಳು ಬಿಡಿಸಿ ಬಿಡಿಸಿ ನನ್ನ ತಟ್ಟೆಗೆ ಹಾಕಿದ. ಇಷ್ಟು ಸುಖಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನಗೆ ಅಳು ಬಂತು. ಒಲೆಯ ಹೊಗೆ ಎಂದೆ.

ಸಂಜೆ ಹಿಂತಿರುಗಿ ಕಟ್ಟೆಯಲ್ಲಿಳಿದ ಮೇಲೆ, ಬಸ್ಸಿಗೆ ಹೊರಡುವ ಮುಂಚೆ, ಅವನು ನನ್ನ ಕೈ ಹಿಡಿದುಕೊಂಡು, "ಇನ್ನೊಂದಿನ ಬರೋಣ," ಎಂದ. ಒಂದೇ ಸಲ ಅಂದ.

ಅದಕ್ಕೇ ಈಗಲೂ ದಿನಾ ಕೇಕಿನ ಅಂಚಿನ ತುಂಡನ್ನು ಯಾರಿಗೂ ಮಾರದೆ ಎತ್ತಿಡುತ್ತೇನೆ.