ಫಾರಂನಲ್ಲಿ ನನ್ನ ಹೆಸರು

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಸುತ್ತಿಬಳಸಿ ಹೇಳುವವಳಲ್ಲ ನಾನು. ಪೋಜ್ನಾನ್ ಊರಿನ ಸಂಗೀತ ಶಾಲೆಯಲ್ಲಿ ಮೂವತ್ತು ವರ್ಷದಿಂದ ಪಿಯಾನೊ ಕಲಿಸುತ್ತಿದ್ದೇನೆ. ಕಿಂಗಾ ಏಳು ವರ್ಷದವಳಾಗಿ ಬಂದಾಗ ಅವಳ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಹನ್ನೊಂದು ವರ್ಷ ಅವಳ ಒಂದೊಂದು ಬೆರಳನ್ನೂ ಹಿಡಿದು ತಿದ್ದಿದೆ. ಆಮೇಲೆ ಹೋದದ್ದೆಲ್ಲಿಗೆ? ವಾರ್ಸಾಗೆ, ಪ್ರೊಫೆಸರ್ ಜಾವಿಲ್ಸ್ಕಿಯ ಹತ್ತಿರ! ಆ ಮಹಾಶಯ ನನ್ನ ಸಹಪಾಠಿ. ಅವನು ಊರೂರು ಸುತ್ತಿ ಕಛೇರಿ ಕೊಟ್ಟ, ನಾನು ಮಕ್ಕಳನ್ನು ಗದರುತ್ತ ಇಲ್ಲೇ ಕೂತೆ.

ಎರಡು ವರ್ಷದ ನಂತರ ನಮ್ಮೂರಲ್ಲೇ ಸ್ಪರ್ಧೆ ನಡೆಯಿತು. ಏಳು ತೀರ್ಪುಗಾರರಲ್ಲಿ ನಾನೂ ಒಬ್ಬಳು. ಫೈನಲ್ಲಿಗೆ ಹೋಗಲು ನಾಲ್ಕು 'ಹೌದು' ಬೇಕು. ಮೊದಲ ಸುತ್ತಿನಲ್ಲಿ ಕಿಂಗಾ ಮಜೂರ್ಕ ಎಂಬ ಕುಣಿತದ ಧಾಟಿಯ ಕೃತಿಯೊಂದನ್ನು ಎತ್ತಿಕೊಂಡಳು. ಎಡಗೈ ಹಾರುವ ಕಡೆ ಕಿರುಬೆರಳಿನ ಬದಲು ನಾಲ್ಕನೇ ಬೆರಳು ಇಟ್ಟಳು. ಅಯ್ಯೋ, ಅದು ನಾನು ಅವಳ ಸ್ವರದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟದ್ದು! ಕಣ್ಣು ತುಂಬಿ ಬಂತು. ಸ್ಪರ್ಧಿಗಳ ವಿವರ ಇರುವ ಪುಸ್ತಿಕೆ ತೆರೆದು ನೋಡಿದೆ. ಗುರು: ಪ್ರೊ. ಜಾವಿಲ್ಸ್ಕಿ. ಅಷ್ಟೇ.

"ಏನ್ರೀ ಲುದ್ಮಿಲಾ, ನಿಮ್ಮ ಹುಡುಗಿ ಈಗ ಜಾವಿಲ್ಸ್ಕಿ ಹುಡುಗಿ ಆಗ್ಬಿಟ್ಲಲ್ಲ!" ಎಂದು ಸ್ಪರ್ಧೆಯ ಕಾರ್ಯದರ್ಶಿ ಬೋಝೆನಾ ಗಸಗಸೆ ಕೇಕು ಅಗಿಯುತ್ತ ಕಿಚಾಯಿಸಿದಳು.

ಮೈಯೆಲ್ಲ ಉರಿದುಹೋಯಿತು. "ಎರಡು ವರ್ಷ ಕಲಿಸಿದೋನು ಗುರು. ಹನ್ನೊಂದು ವರ್ಷ ಕತ್ತೆ ಥರ ದುಡಿದೋಳು ಯಾರ್ರೀ? ಅವಳ ಅರ್ಜಿ ಫಾರಂ ತೆಗೀರಿ. ನನ್ನ ಹೆಸರು ಸೇರಿಸಿ."

"ಒಂದ್ಸಲ ಯೋಚ್ನೆ ಮಾಡಿ..."

"ಯೋಚ್ನೆ ಗೀಚ್ನೆ ಏನಿಲ್ಲ. ಬರೀರಿ!"

ಬರೆದಳು. ಹೊಟ್ಟೆ ತಣ್ಣಗಾಯಿತು. ಎರಡನೇ ಸುತ್ತನ್ನು ಹಾಯಾಗಿ ಕೂತು ಕೇಳಿದೆ. ಹುಡುಗಿ ಎಷ್ಟು ಚೆನ್ನಾಗಿ ಬಾರಿಸಿದಳೆಂದರೆ, ಅವಳು ಎದ್ದು ನಿಲ್ಲುವ ಮೊದಲೇ ನನ್ನ ಚೀಟಿಯಲ್ಲಿ 'ಹೌದು' ಎಂದು ಬರೆದಿದ್ದೆ.

ತೀರ್ಪುಗಾರರ ಅಧ್ಯಕ್ಷರು ಕೈ ಚಾಚಿದರು. "ಲುದ್ಮಿಲಾ ಅವರೇ, ಆ ಚೀಟಿ ಇತ್ತ ಕೊಡಿ. ಫಾರಂನಲ್ಲಿ ಹೆಸರಿರೋ ಗುರು ತನ್ನ ಶಿಷ್ಯರಿಗೆ ಮತ ಹಾಕೋ ಹಾಗಿಲ್ಲ."

ಎಷ್ಟೋ ಸ್ಪರ್ಧೆಗಳಲ್ಲಿ ನಾನೇ ಬೇರೆಯವರಿಗೆ ಓದಿ ಹೇಳಿದ ನಿಯಮ ಅದು. ಸಿಟ್ಟಿನ ಭರದಲ್ಲಿ ಮರೆತೇಬಿಟ್ಟಿದ್ದೆ. ನಾನು ಅವಳ ಹಳೇ ಟೀಚರ್ ಎನ್ನುವುದು ಊರಿಗೇ ಗೊತ್ತಿದ್ದರೂ ನಿಯಮ ನೋಡುವುದು ಫಾರಂ ಮಾತ್ರ. ಉಳಿದ ಆರು ಚೀಟಿ ಎಣಿಸಿದರು. ಮೂರು ಹೌದು, ಮೂರು ಇಲ್ಲ. ಕಿಂಗಾ ಫೈನಲ್ಲಿಗೆ ಹೋಗಲಿಲ್ಲ.

ಅವಳು ಮೊಗಸಾಲೆಯಲ್ಲಿ ಕೋಟು ಹಾಕಿಕೊಳ್ಳುತ್ತಿದ್ದಳು. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನನ್ನ ಹೆಸರು ಯಾಕೆ ಬರೀಲಿಲ್ಲ? ನಾಚಿಕೆ ಆಯ್ತೇನೇ?"

"ಬರಿ ಅಂತ ಜಾವಿಲ್ಸ್ಕಿ ಸರ್ ಹೇಳಿದ್ರು ಟೀಚರ್. ನಾನೇ ಬೇಡ ಅಂದೆ. ಬರೆದ್ರೆ ನೀವು ಮತ ಹಾಕೋ ಹಾಗಿರ್ಲಿಲ್ಲ."

"ನನ್ನ ಒಂದು ಮತಕ್ಕೋಸ್ಕರಾನಾ?"

"ಹನ್ನೊಂದು ವರ್ಷದಲ್ಲಿ ನೀವು ಒಂದ್ಸಲಾನೂ ಚೆನ್ನಾಗಿ ಬಾರಿಸಿದೆ ಅಂದಿಲ್ಲ. ನಿಮ್ಮ ಕೈಲಿ ಒಂದು 'ಹೌದು' ಬರೆಸ್ಕೋಬೇಕು ಅಂತ ಆಸೆ ಇತ್ತು."

ಬರೆದಿದ್ದೆ ಕಣೇ, ಎನ್ನಬೇಕಿತ್ತು. "ಎಡಗೈ ಸ್ವಲ್ಪ ಅವಸರ ಮಾಡ್ತು," ಎಂದೆ.

"ಸರಿ ಟೀಚರ್," ಎಂದು ತಲೆಯಾಡಿಸಿ ಕಿಂಗಾ ಟ್ರಾಮಿಗೆ ಹೊರಟುಹೋದಳು.