ಮೂವತ್ತೊಂದು ಅಂಗಿ

ಶಾಲೆಯಲ್ಲಿ ಒಂದು ಅಂಗಿ ಉಳಿದಿತ್ತು. ಉಳಿಯಬಾರದಿತ್ತು. ಜಡೆಪ್ಪ ಕೇಳಿದ್ದು ಮೂವತ್ತು. ಹೊಸಪೇಟೆಯ ದರ್ಜಿ ಪಟ್ಟಿ ನೋಡಿ ಮೂವತ್ತೊಂದು ಹೊಲಿದು ಕಳಿಸಿದ್ದ. ಮೂವತ್ತನ್ನು ತಾಯಂದಿರು ಬೆಳಿಗ್ಗೆಯೇ ಬಂದು ಒಯ್ದಿದ್ದರಂತೆ.

ಹುಡುಗರು ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಊರಿನ ಶಾಲೆಯ ಮಾಸ್ತರ ಪಾಲಪ್ಪ ಗೋಡೆಯ ಕಡೆ ನೋಡಿದ.

“ಕರದ್ರ ಬರ್ತಾರ್ರಿ.”

ಜಡೆಪ್ಪ ಮದರಾಸಿನಲ್ಲಿ ಬಿ.ಎ. ಮಾಡಿದವನು. ಯುವಜನ ಹಿತವರ್ಧಿನಿ ಸಭೆ ಅವನನ್ನು ಆರು ತಿಂಗಳ ಮಟ್ಟಿಗೆ ಸಂಘಟಕನನ್ನಾಗಿ ಇಟ್ಟುಕೊಂಡಿತ್ತು. ಕಂಪ್ಲಿ ಸೀಮೆಯ ಯುವಕರಿಗೆ ಏನು ಬೇಕೆಂದು ಕಂಡುಹಿಡಿದು, ಅದಕ್ಕೆ ತಕ್ಕ ಕಾರ್ಯಕ್ರಮ ರೂಪಿಸುವುದು ಕೆಲಸ. ಕಂಡುಹಿಡಿಯುವ ಮೊದಲೇ ಅವನು ರೂಪಿಸಿ ಮುಗಿಸಿದ್ದ: ಬೆಳಿಗ್ಗೆ ಡ್ರಿಲ್, ಸಂಜೆ ವಾಚನಾಲಯ, ಶನಿವಾರ ಚರ್ಚಾಕೂಟ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಕೆಲವರಿಗೆ ಅದಕ್ಕೆ ಸಂಬಳವೂ ಇರುತ್ತದೆ.

ನಾಲ್ಕು ಗಂಟೆಗೆ ಸಭೆಯ ಇನ್‌ಸ್ಪೆಕ್ಟರು ಬರುವವರಿದ್ದರು. ಮೂವತ್ತು ಯುವಕರ ಹಾಜರಿ ಸಿಕ್ಕರೆ ನೌಕರಿ ಕಾಯಂ. ಇಲ್ಲದಿದ್ದರೆ ಹೊಸಪೇಟೆಯಲ್ಲಿ ಅಣ್ಣನ ಅಕ್ಕಿ ಗಿರಣಿಯ ಜಗಲಿ, ಅತ್ತಿಗೆಯ ಮೌನ. ಆ ಮೌನಕ್ಕೆ ಅವನು ನಿಜವಾಗಿ ಹೆದರುತ್ತಿದ್ದ.

ಊರಿಗೆ ಅವನು ಬಂದದ್ದೇ ಈ ದಿನ. ಅಲ್ಲಿಯವರೆಗೆ ಎಲ್ಲ ಅಂಚೆಯಲ್ಲಿ ನಡೆದಿತ್ತು. ಪಾಲಪ್ಪನಿಗೆ ಪಟ್ಟಿಯ ನಮೂನೆ ಕಳಿಸುವಾಗ, ಹೀಗೆ ತುಂಬಬೇಕೆಂದು ತೋರಿಸಲು ಹಾಳೆಯ ಅಡಿಯಲ್ಲಿ ತನ್ನದೇ ಹೆಸರು, ವಯಸ್ಸು, ಎದೆಯಳತೆ ಬರೆದಿದ್ದ. ‘ಏನು ಬೇಕು’ ಎಂಬ ಕಡೆಯ ಕಾಲಮ್ಮನ್ನು ಮಾತ್ರ ಖಾಲಿ ಬಿಟ್ಟಿದ್ದ. ಏನು ಬರೆಯುವುದೆಂದು ಹೊಳೆದಿರಲಿಲ್ಲ. ದರ್ಜಿ ಆ ಸಾಲಿಗೂ ಒಂದು ಅಂಗಿ ಹೊಲಿದಿದ್ದಾನೆಂದು ಈಗ ತಿಳಿದು ಅವನಿಗೆ ನಗು ಬಂತು. ಪಾಲಪ್ಪ ನಗಲಿಲ್ಲ.

ಉಳಿದ ಮೂವತ್ತು ಸಾಲುಗಳಲ್ಲಿ ಆ ಕಾಲಮ್ಮಿನಲ್ಲಿ ಒಂದೇ ಮಾತಿತ್ತು: ನೀರು. ಮಾಸ್ತರನ ಸೋಮಾರಿತನ ಎಂದುಕೊಂಡು ಜಡೆಪ್ಪ ಅದನ್ನು ‘ಬಾವಿಯ ಕೊರತೆ’ ಎಂದು ತಿದ್ದಿ ವರದಿ ಕಳಿಸಿದ್ದ.

ನೀರಡಿಕೆ ಅವನಿಗೂ ಆಗಿತ್ತು. ಕಂಪ್ಲಿಯಿಂದ ಬಿಸಿಲಲ್ಲಿ ನಡೆದು ಬಂದಿದ್ದ. ಶಾಲೆಯ ಕೊಡ ಬೋರಲು ಬಿದ್ದಿತ್ತು. ಓಣಿಗಿಳಿದ. ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ಹೆಂಗಸರು, ಮುದುಕರು. ಹರೆಯದ ಒಂದು ಮುಖವಿಲ್ಲ. ಸಂಡೂರಿನ ಗಣಿಗೆ ಹೋಗಿರಬೇಕು, ನಾಲ್ಕರೊಳಗೆ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ.

ಓಣಿಯ ಕೊನೆಯ ಮನೆಯಲ್ಲಿ ಗಾಳೆಮ್ಮ ಎಂಬ ಮುದುಕಿ ಅಂಗಿಯೊಂದನ್ನು ಮಣೆಯ ಮೇಲೆ ಮಲಗಿಸಿ ಗುಂಡಿ ಹಾಕುತ್ತಿದ್ದಳು. ಕೊರಳಪಟ್ಟಿಗೆ ವಿಭೂತಿ ಹಚ್ಚಿತ್ತು. ಜಡೆಪ್ಪ ನೀರು ಕೇಳಿದ.

“ಎಡಿ ಆಗೋತನಕ ಯಾರಿಗೂ ಕೊಡಂಗಿಲ್ಲಪ್ಪ. ಮೊದ್ಲು ಅವರು ಕುಡೀಬೇಕು.”

ಆಗ ನೆನಪಾಯಿತು, ಇದು ಮಾನವಮಿ ಅಮಾವಾಸ್ಯೆ. ಸತ್ತವರ ಮುಂದೆ ಹೊಸ ಬಟ್ಟೆ ಇಟ್ಟು ಉಣಬಡಿಸುವ ದಿನ. ಮದರಾಸಿನಲ್ಲಿ ಅದು ಅವನಿಗೆ ಬರೀ ರಜೆಯಾಗಿತ್ತು. ರಜೆಯಲ್ಲಿ ಹುಡುಗರು ಬಿಡುವಾಗಿರುತ್ತಾರೆಂದೇ ಈ ದಿನವನ್ನು ಆರಿಸಿದ್ದ.

“ಇದು ಯಾರ ಅಂಗಿ?” ಎಂದ. ಉತ್ತರ ಗೊತ್ತಿತ್ತು.

“ನನ್ನ ಮಗ ಹುಲುಗಪ್ಪಂದು. ಎರಡು ವರ್ಷದ ಹಿಂದ ಆ ಜ್ವರ ಬಂತಲ್ಲ. ಜ್ವರದಾಗ ನೀರು ಕೊಡಬಾರದಂತ ಹಿರೇರು ಅಂದ್ರು, ಕೊಡಲಿಲ್ಲ. ಮೂರು ದಿನ ಕೇಳಿದ.” ಅವಳು ಕೊನೆಯ ಗುಂಡಿ ಹಾಕಿದಳು. “ಏನು ಬೇಕು ಅಂತ ನೀವಾ ಕೇಳಿದ್ರಲ್ಲ, ಬರಸಿದ್ವಿ.”

ಸತ್ತ ಮೂವತ್ತು ಹುಡುಗರ ಎದೆಯಳತೆಯನ್ನು ತಾಯಂದಿರು ತೋಳು ಬಳಸಿ ತೋರಿಸಿದ್ದರಂತೆ. ಆ ತೋಳುಗಳ ಸುತ್ತನ್ನು ಪಾಲಪ್ಪ ದಾರದಿಂದ ಅಳೆದಿದ್ದನಂತೆ. ಬದುಕಿರುವ ನಾಲ್ಕಾರು ಹುಡುಗರು ಗಣಿಯಲ್ಲಿದ್ದರು. ಅವರ ಹೆಸರು ಬರೆಸಲು ಯಾರಿಗೂ ತೋಚಿರಲಿಲ್ಲ. ಅಂಗಿಗಳನ್ನು ಡ್ರಿಲ್ಲಿನ ಬಯಲಿಗೇ ತರುತ್ತೇವೆ, ನೀವು ಕೂಗಿರಿ ಎಂದಳು ಗಾಳೆಮ್ಮ. “ಹೆಸರು ಹಿಡದು ಕರಿಯೋರು ಯಾರೂ ಇಲ್ಲ ಈಗ.”

ಆ ವರ್ಷ ಜಡೆಪ್ಪನೂ ಹಾಸ್ಟೆಲಿನಲ್ಲಿ ಅದೇ ಜ್ವರದಲ್ಲಿ ಮಲಗಿದ್ದ. ಡಾಕ್ಟರು ನೀರು ಕುಡಿಸಿದ್ದರು. ಎದ್ದು ಪರೀಕ್ಷೆ ಬರೆದಿದ್ದ. ಆಮೇಲೆ ಏನನ್ನಾದರೂ ಬಯಸಿದ್ದು ಅವನಿಗೆ ನೆನಪಿಲ್ಲ.

“ನಿನ್ನ ತಾಯಿ ಅದಾಳೇನಪ್ಪ?” ಮುದುಕಿ ಕೇಳಿದಳು.

ಇಲ್ಲವೆಂದು ತಲೆಯಾಡಿಸಿದ. ಅವಳು ಅವನನ್ನು ಬಹಳ ಹೊತ್ತು ನೋಡಿದಳು.

ಇದನ್ನು ನಿಲ್ಲಿಸಬೇಕು ಎಂದುಕೊಳ್ಳುತ್ತ ಬಯಲಿಗೆ ನಡೆದ. ಆದರೆ ಮೂವತ್ತು ಹೆಸರು, ಮೂವತ್ತು ಉತ್ತರ. ಇನ್‌ಸ್ಪೆಕ್ಟರಿಗೆ ಕಣ್ಣು ಮಂದ ಎಂಬ ಸುದ್ದಿ ಬೇರೆ. ನಾಚಿಕೆಯಾಯಿತು. ಆದರೂ ನಡೆದ.

ಡ್ರಿಲ್ಲಿಗೆಂದು ಪಾಲಪ್ಪ ಸುಣ್ಣದಲ್ಲಿ ಹಾಕಿದ್ದ ಚೌಕಗಳಲ್ಲಿ ಅಂಗಿಗಳು ಮಲಗಿದ್ದವು. ಒಂದೊಂದರ ಮುಂದೆ ಒಂದೊಂದು ತಂಬಿಗೆ ನೀರು. ಹಿಂದೆ ಹೆಂಗಸರು ಸಾಲಾಗಿ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ. ಇನ್‌ಸ್ಪೆಕ್ಟರು ಜಟಕಾದಿಂದ ಇಳಿಯಲೂ ಇಲ್ಲ. ಹಾಜರಿ ಪುಸ್ತಕವನ್ನು ಮೂಗಿಗೆ ಹಿಡಿದು, ಶುರುಮಾಡು ಎಂದು ಪೆನ್ಸಿಲು ಅಲ್ಲಾಡಿಸಿದರು. ಜಡೆಪ್ಪ ಪಟ್ಟಿಯ ಹಾಳೆ ಬಿಚ್ಚಿ ಕೂಗತೊಡಗಿದ.

“ಹುಲುಗಪ್ಪ.”

“ಬಂದಾನ್ರಿ.”

“ಕೊಟ್ರಯ್ಯ.”

“ಬಂದಾನ್ರಿ.”

ಒಬ್ಬೊಬ್ಬ ತಾಯಿಯ ದನಿಗೂ ಪೆನ್ಸಿಲು ಗುರುತು ಹಾಕುತ್ತ ಹೋಯಿತು. ಹೆಸರುಗಳು ತಾವಾಗಿ ಉರುಳತೊಡಗಿದವು. ಇಪ್ಪತ್ತೊಂಬತ್ತು, ಮೂವತ್ತು. ಹಾಳೆ ಮುಗಿಯಿತೆಂದು ಅವನು ತಿಳಿಯುವ ಮೊದಲೇ ನಾಲಿಗೆ ಅಡಿಯ ಸಾಲನ್ನೂ ಓದಿಬಿಟ್ಟಿತ್ತು.

“ಜಡೆಪ್ಪ.”

ಇನ್‌ಸ್ಪೆಕ್ಟರ ಪೆನ್ಸಿಲು ಕಾಯುತ್ತಿತ್ತು. ಇದ್ದೇನೆ ಎನ್ನಲು ಬಾಯಿ ತೆರೆದ. ಒಣಗಿದ ಗಂಟಲಿನಿಂದ ದನಿ ಹೊರಡಲಿಲ್ಲ.

ಗಾಳೆಮ್ಮ ಎದ್ದಳು. ಶಾಲೆಯಲ್ಲಿ ಉಳಿದಿದ್ದ ಅಂಗಿ ಅವಳ ಕೈಯಲ್ಲಿತ್ತು. ಖಾಲಿ ಚೌಕವೊಂದರಲ್ಲಿ ಅದನ್ನು ಹಾಸಿ, ತೋಳುಗಳನ್ನು ಮೆಲ್ಲಗೆ ನೇರ ಮಾಡಿ, ಮುಂದೆ ತಂಬಿಗೆ ಇಟ್ಟಳು.

“ಬಂದಾನ್ರಿ,” ಎಂದಳು.

ಇನ್‌ಸ್ಪೆಕ್ಟರು ತಲೆ ಎತ್ತದೆ ಗುರುತು ಹಾಕಿದರು. ಹಾಜರಿ ಪೂರ್ತಿ ಎಂದರು. ಜಟಕಾ ತಿರುಗಿತು.

ತಂಬಿಗೆ ಅವನಿಂದ ಎರಡೇ ಹೆಜ್ಜೆ ದೂರದಲ್ಲಿತ್ತು. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ನೀರು ಕುಡಿಯಬೇಕಾದರೆ ಆ ಚೌಕದೊಳಗೆ ಕಾಲಿಡಬೇಕಾಗಿತ್ತು.