ಥರ್ಮನ್ ಮಾವನ ಗುಂಡಿನ ಸದ್ದು

ನನ್ನ ಗಂಡನ ಮನೆತನದವರಿಗೆ ಸತ್ತವರ ಮೇಲೆ ವಿಪರೀತ ಪ್ರೀತಿ, ಬದುಕಿರುವವರ ಮೇಲೆ ಅಷ್ಟಕ್ಕಷ್ಟೆ. ಮೇ ತಿಂಗಳ ಕೊನೆಗೊಂದು ಭಾನುವಾರ ಎಲ್ಲರೂ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಸೇರಿ, ಕಳೆ ಕಿತ್ತು, ಸಮಾಧಿಗಳಿಗೆ ಹೂವಿಡುತ್ತೇವೆ. ಆಮೇಲೆ ಮನೆತನದ ಹಿರಿಯ ಗಂಡಸು ಹೆಸ್ಟರ್ ಅಜ್ಜಿಯ ರಿವಾಲ್ವರಿನಿಂದ ಎದುರಿನ ಮಣ್ಣುದಿಬ್ಬಕ್ಕೆ ಒಂದು ಗುಂಡು ಹೊಡೆಯಬೇಕು. ಕುದುರೆಯೇರಿ ಈ ಗುಡ್ಡಗಳಲ್ಲಿ ಅಂಚೆ ಹಂಚುತ್ತಿದ್ದ ಹೆಂಗಸು ಆಕೆ. ಆ ಸದ್ದು ಕೇಳುವ ತನಕ ಯಾರೂ ಊಟಕ್ಕೆ ತಂದ ಕೋಳಿಯ ತುಂಡು ಮುಟ್ಟುವಂತಿಲ್ಲ.

ನಾವೆಲ್ಲ ಮಾವ ಎಂದೇ ಕರೆಯುತ್ತಿದ್ದ ಥರ್ಮನ್ ಇರುವವರೆಗೆ ಅದು ಅವರ ಕೆಲಸ. ಅವರು ಹೊಡೆದರೆ ಕಣಿವೆಯೆಲ್ಲ ಗುಡುಗುತ್ತಿತ್ತು. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ರಿವಾಲ್ವರ್ ಈಗ ಹಿರಿಯವನಾದ ನನ್ನ ಗಂಡ ವೆಂಡೆಲ್‌ನ ಪಾಲಿಗೆ ಬಂತು.

ವೆಂಡೆಲ್ ಏಣಿ ಹತ್ತುವ ಮುಂಚೆ ಹತ್ತು ಸಲ ಅಲ್ಲಾಡಿಸಿ ನೋಡುವ ಜಾತಿ. ವಸಂತವಿಡೀ ಆ ರಿವಾಲ್ವರನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂತ. ಅದು ಕರಿಮದ್ದಿನ ಕಾಲದ್ದು, ಮೆದು ಕಬ್ಬಿಣದ್ದು. ಈಗಿನ ಸಣ್ಣ ತೋಟಾಗಳು ಅದರೊಳಗೆ ಸಲೀಸಾಗಿ ಕೂರುತ್ತವಂತೆ, ಆದರೆ ಅವುಗಳ ರಭಸವೇ ಬೇರೆಯಂತೆ. "ಒಳಗೆ ಕೂರೋದು ಬೇರೆ, ಅದು ತಡ್ಕೊಳ್ಳೋದು ಬೇರೆ ಕಣೇ" ಎಂದು ನನಗೆ ವಿವರಿಸಿದ. ಬಂದೂಕು ರಿಪೇರಿಯವನು, ಗೋಡೆಗೆ ತೂಗುಹಾಕುವುದೇ ವಾಸಿ, ಹೊಡೆಯಲೇಬೇಕೆಂದರೆ ಮದ್ದೇ ಇಲ್ಲದ, ತಳದಲ್ಲಿ ಹುಟ್ಟುವ ಕಿಡಿಯ ಬಲದಿಂದಷ್ಟೇ ಗುಂಡು ತಳ್ಳುವ ತೋಟಾ ಹಾಕು ಎಂದನಂತೆ. ಮಾವ ಏನು ಹಾಕುತ್ತಿದ್ದರೆಂದು ಕೇಳಲು ವೆಂಡೆಲ್, ಮಾವನ ಹೆಂಡತಿ ಓಪಲ್ ಅತ್ತೆಯ ಮನೆಗೂ ಹೋಗಿಬಂದ. ಅದೆಲ್ಲ ತಮ್ಮ ಗಂಡನೇ ನೋಡಿಕೊಳ್ಳುತ್ತಿದ್ದರೆಂದು ಹೇಳಿ, ಒಲೆಯ ಮೇಲೆ ಕಾಫಿ ಇದೆಯೆಂದು ಅತ್ತೆ ಒಳಗೆ ಹೋದರಂತೆ.

ಆ ಭಾನುವಾರ ವೆಂಡೆಲ್ ಎಲ್ಲರನ್ನೂ ದೂರ ನಿಲ್ಲಿಸಿದ. ಕನ್ನಡಕ ಹಾಕಿಕೊಂಡ, ಚರ್ಮದ ಕೈಗವಸು ತೊಟ್ಟ. ರಿವಾಲ್ವರಿನ ಕುದುರೆ ಎಳೆದ. ಬಾಣಲೆಯಲ್ಲಿ ಒಂದು ಜೋಳದ ಕಾಳು ಅರಳಿದಷ್ಟು ಸದ್ದಾಯಿತು.

ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡವರು. ವೆಂಡೆಲ್‌ನ ಚಿಕ್ಕಪ್ಪನ ಮಗ ಡೆಲ್ಬರ್ಟ್ ಹೊಟ್ಟೆ ಹಿಡಿದುಕೊಂಡು ಕೇಳಿದ: "ಹೊಡೆದೆಯೋ, ಸೀನಿದೆಯೋ?"

ನನ್ನ ಮುಖಕ್ಕೆ ಬೆಂಕಿ ಬಿದ್ದಂತಾಯಿತು. ನಾನೂ ನಕ್ಕೆ. ಗಂಡನ ಕಡೆಯವಳೆಂದು ಕಾಣಿಸಿಕೊಳ್ಳಲು ನನಗೆ ನಾಚಿಕೆಯಾಗಿತ್ತು, ಅಷ್ಟೆ.

ಡೆಲ್ಬರ್ಟ್ ತನ್ನ ಟ್ರಕ್ಕಿನಿಂದ ಒಂದು ಡಬ್ಬಿ ಜೋರಿನ ತೋಟಾ ತಂದ. ಮೇಜಿನ ಮೇಲಿದ್ದ ರಿವಾಲ್ವರ್ ಎತ್ತಿಕೊಂಡು ತುಂಬತೊಡಗಿದ. ಒಂದೊಂದೂ ಸಲೀಸಾಗಿ ಕೂತಿತು. ವೆಂಡೆಲ್ ಅವನ ಮಣಿಕಟ್ಟು ಹಿಡಿದ.

"ಕೊಡು, ಕೈ ಹೋಗುತ್ತೆ."

"ಥರ್ಮನ್ ಮಾವನ ಕೈ ಹೋಗಿತ್ತಾ? ಅವ್ರು ಗಂಡಸು ಕಣೋ."

ಎಲ್ಲರೂ ನೋಡುತ್ತಿದ್ದರು. ವೆಂಡೆಲ್‌ನ ಕಿವಿ ಕೆಂಪಾಗಿತ್ತು, ಆದರೂ ಹಿಡಿತ ಬಿಡಲಿಲ್ಲ. ಆಗ ಬಾಯಿಬಿಟ್ಟವಳು ನಾನು.

"ಬಿಟ್ಬಿಡು ವೆಂಡೆಲ್. ಇನ್ನೂ ಮರ್ಯಾದೆ ತೆಗೀಬೇಡ."

ಅವನು ನನ್ನ ಕಡೆ ತಿರುಗಿ ನೋಡಿದ. ಕೈ ಸಡಿಲಾಯಿತು. ಡೆಲ್ಬರ್ಟ್ ದಿಬ್ಬದ ಕಡೆ ತಿರುಗಿ ತೋಳು ನೀಡಿದ.

"ಕೆಳಗಿಡು ಅದನ್ನ."

ಹಾಗೆಂದವರು ಓಪಲ್ ಅತ್ತೆ. ಪ್ರತಿ ವರ್ಷ ಈ ಹೊತ್ತಿಗೆ ಅವರು ಕಾಫಿಗೆಂದು ಚರ್ಚಿನ ಅಡುಗೆಮನೆಗೆ ಹೋಗಿರುತ್ತಿದ್ದರು. ಈ ಸಲ ಹೋಗಿರಲಿಲ್ಲ, ಅದನ್ನು ಯಾರೂ ಗಮನಿಸಿರಲಿಲ್ಲ. ಅವರು ಎದ್ದು ಬಂದು, ತಮ್ಮ ಕೆನ್ನೆಯ ಮೇಲಿನ ಹಳೆಯ ಕಲೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

"ಇದು ನಾವು ಹೇಳ್ತಿದ್ದ ಹಾಗೆ ಬೇಲಿ ತಂತಿ ಗೀರಿದ್ದಲ್ಲ. ನಿಮ್ಮ ಮಾವ ನಮ್ಮ ಹಿತ್ತಲಲ್ಲಿ ಇದೇ ರಿವಾಲ್ವರಿಗೆ ಇಂಥದೇ ತೋಟಾ ಹಾಕಿ ಹೊಡೆದ್ರು. ಒಡೆದು ಹಾರಿದ ಚೂರಿನ ಕಲೆ ಇದು. ರಿಪೇರಿ ಏನೋ ಮಾಡಿಸಿದ್ರು. ಆಮೇಲೆ ಅದಕ್ಕೆ ಒಂದೇ ಒಂದು ತೋಟಾ ಹಾಕೋ ಧೈರ್ಯ ಅವರಿಗೆ ಬರಲಿಲ್ಲ."

"ನಾವೆಲ್ಲ ಸದ್ದು ಕೇಳಿದೀವಲ್ಲ ಅತ್ತೆ" ಎಂದ ಡೆಲ್ಬರ್ಟ್.

"ಅದು ನನ್ನ ಪಿಸ್ತೂಲು. ಅವರು ಖಾಲಿ ರಿವಾಲ್ವರಿನ ಕುದುರೆ ಎಳೀತಿದ್ರು, ನಾನು ಅಡುಗೆಮನೆ ಹಿಂದೆ ನಿಂತು ಗುಡ್ಡಕ್ಕೆ ಹೊಡೀತಿದ್ದೆ."

ಅತ್ತೆ ವೆಂಡೆಲ್ ಕಡೆ ತಿರುಗಿದರು.

"ನೀನು ಮನೆಗೆ ಬಂದು ಕೇಳಿದಾಗ್ಲೇ ಹೇಳಬೇಕಿತ್ತಪ್ಪ. ಅವರ ಮರ್ಯಾದೆ ನೋಡಿದೆ, ನಿನ್ನ ಕೈ ನೋಡಲಿಲ್ಲ."

ವೆಂಡೆಲ್ ರಿವಾಲ್ವರ್ ಇಸಕೊಂಡು, ತೋಟಾಗಳನ್ನು ಒಂದೊಂದಾಗಿ ತೆಗೆದು ಡೆಲ್ಬರ್ಟನ ಅಂಗೈಗೆ ಹಾಕಿದ. ಡೆಲ್ಬರ್ಟ್ ತಲೆ ಎತ್ತಲಿಲ್ಲ. ಊಟ ಶುರುಮಾಡಬಹುದೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಪಾದ್ರಿಗಳು ಪ್ರಾರ್ಥನೆ ಹೇಳಿ ತಾವೇ ಮೊದಲು ತಟ್ಟೆ ಹಿಡಿದರು.

ನಾನು ವೆಂಡೆಲ್‌ಗೆ ಬಡಿಸಿದೆ. ಅವನಿಗಿಷ್ಟದ ಕೋಳಿ ತೊಡೆ ಹುಡುಕಿ ಹಾಕಿದೆ, ನನ್ನ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ಜಾಗ ಮಾಡಿದೆ. ಅವನು ಬಂದು ತಟ್ಟೆ ತೆಗೆದುಕೊಂಡ. ಥ್ಯಾಂಕ್ಸ್ ಎಂದ, ಗುರುತಿಲ್ಲದವರಿಗೆ ಹೇಳುವ ಹಾಗೆ. ಹೋಗಿ ಓಪಲ್ ಅತ್ತೆಯ ಪಕ್ಕದಲ್ಲಿ ಕೂತ.